ಹಗೇವು ಮೂಸಿದ ಮಹಾಮಂಡಳಿ

ಮಕ್ಕಳೇ, ಪ್ರಾಣಿಗಳು ಫುಟ್ಬಾಲ್ ಆಡುತ್ತವೆಯೇ ಎಂದು ಮೊದಲ ಸಾಲಿಗೇ ಅಡ್ಡಬಾಯಿ ಹಾಕಬೇಡಿ. ಆಡುತ್ತವೆ. ಕ್ಲಬ್ಬು ಕಟ್ಟುತ್ತವೆ, ಕಪ್ಪಿಗಾಗಿ ಹೊಡೆದಾಡುತ್ತವೆ, ಸೋತರೆ ರೆಫರಿಯನ್ನು ಬೈಯುತ್ತವೆ. ಈ ವಿಷಯದಲ್ಲಿ ಅವುಗಳಿಗೂ ನಮಗೂ ದೊಡ್ಡ ವ್ಯತ್ಯಾಸವೇನಿಲ್ಲ.

ಬಿದಿರುಕಟ್ಟೆ ಎಂಬ ಕೆರೆಯ ಪಕ್ಕದಲ್ಲಿ ಒಂದು ಹಸಿರು ಬಯಲಿತ್ತು. ಆ ಬಯಲಿನಲ್ಲಿ ಬಿದಿರುಕಟ್ಟೆ ಫುಟ್ಬಾಲ್ ಕ್ಲಬ್ ಆಡುತ್ತಿತ್ತು. ಉಡ ಗೋಲು ಕಾಯುತ್ತಿದ್ದ, ಅವನೇ ನಾಯಕ. ಮುಂದೆ ಓಡುವುದಕ್ಕೆ ಮೊಲಗಳು, ಅಣ್ಣ ತಮ್ಮ ಇಬ್ಬರು. ನಡುವೆ ಮುಂಗುಸಿ. ಹಿಂದೆ ಮುಳ್ಳುಹಂದಿ, ಬೆನ್ನಿಗೆ ಮಾತ್ರ ಚೆಂಡು ತಾಗಿಸಬಾರದೆಂದು ಅವನಿಗೆ ಕಟ್ಟಪ್ಪಣೆಯಾಗಿತ್ತು. ಯಾಕೆಂದರೆ ಚೆಂಡನ್ನು ಗೀಜಗನ ಹಕ್ಕಿಗಳು ಹುಲ್ಲಿನಿಂದ ಹೆಣೆಯುತ್ತಿದ್ದವು, ಒಂದು ಚೆಂಡು ಹೆಣೆಯುವುದೇನು ಹುಡುಗಾಟವೇ?

ಬಯಲಿನ ಮೂಲೆಯ ದಿಣ್ಣೆಯ ಮೇಲೆ ಕ್ಲಬ್ಬಿನ ಹಗೇವಿತ್ತು. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಆಟ ನೋಡಲು ಬಂದವರೆಲ್ಲ ಒಂದು ಬಾಯಿ ಹುರುಳಿ ತಂದು ಅದರೊಳಗೆ ಹಾಕಬೇಕು, ಅದೇ ಟಿಕೆಟ್ಟು. ಆಟ ಮುಗಿದ ಮೇಲೆ ಉಡ ಎಲ್ಲರ ಮುಂದೆಯೇ ಹಗೇವಿನ ಬಾಯಿಯ ಕಲ್ಲು ಸರಿಸಿ ಆಟಗಾರರಿಗೆ ಹಂಚುತ್ತಿದ್ದ. ಮಳೆಗಾಲದಲ್ಲಿ ಆಟ ನಿಂತಾಗ ಅವರ ಮಕ್ಕಳು ಮರಿಗಳ ಹೊಟ್ಟೆ ತುಂಬುತ್ತಿದ್ದುದೂ ಅದರಿಂದಲೇ. ಉಡ ಹುರುಳಿ ತಿನ್ನುತ್ತದೆಯೇ ಎಂದು ಕೇಳುತ್ತೀರಾ? ಮಾತಾಡುವ ಉಡವನ್ನು ಒಪ್ಪಿಕೊಂಡಿರಿ, ಹುರುಳಿ ತಿನ್ನುವ ಉಡವನ್ನೂ ಒಪ್ಪಿಕೊಳ್ಳಿ.

ಕ್ಲಬ್ಬಿನ ಅಭಿಮಾನಿಗಳಲ್ಲೆಲ್ಲ ಹಿರಿಯಳು ಆಮೆಜ್ಜಿ. ಅವಳು ಆಟದ ಹಿಂದಿನ ದಿನವೇ ಮನೆ ಬಿಡುತ್ತಿದ್ದಳು. ದಾರಿಯಲ್ಲಿ ಯಾರು ಮಾತಾಡಿಸಿದರೂ ಉತ್ತರವಿಲ್ಲ, ಬಾಯಿ ತುಂಬ ಹುರುಳಿ. ಹಗೇವಿಗೆ ಹುರುಳಿ ಸುರಿದ ಮೇಲೆಯೇ ಬಾಯಿ ಬಿಡುತ್ತಿದ್ದಳು. ಬಿಟ್ಟರೆ ರೆಫರಿ ಕತೆ ಮುಗಿಯಿತು.

ಈ ಕ್ಲಬ್ಬು ಕೆಲವು ಆಟ ಗೆಲ್ಲುತ್ತಿತ್ತು, ಕೆಲವು ಸೋಲುತ್ತಿತ್ತು. ಸೋತ ದಿನ ಬೈದುಕೊಂಡು ಮಲಗುತ್ತಿದ್ದರು, ಮರುದಿನ ಮರೆಯುತ್ತಿದ್ದರು. ಆದರೆ ಒಂದು ವರ್ಷ ಪಕ್ಕದ ಕರಡಿಗುಡ್ಡದ ತಂಡ ಕಪ್ ಗೆದ್ದುಬಿಟ್ಟಿತು. ಗುಡ್ಡದ ಕೋತಿಗಳು ದಿನಾ ಕೆರೆಗೆ ನೀರು ಕುಡಿಯಲು ಬಂದು, "ಕಪ್ ಎಲ್ಲಿ? ಕಪ್ ಎಲ್ಲಿ?" ಎಂದು ಅಣಕಿಸತೊಡಗಿದವು. ಬಿದಿರುಕಟ್ಟೆಗೆ ಹೊಟ್ಟೆ ಉರಿಯಿತು. ಹೊಟ್ಟೆ ಉರಿದವರ ಬುದ್ಧಿ ಎಲ್ಲಿರುತ್ತದೆ ಹೇಳಿ? ಉರಿಯ ಪಕ್ಕದಲ್ಲೇ ಕೂತು ಬೇಯುತ್ತಿರುತ್ತದೆ.

ಆಗ ಬಂದ ನೋಡಿ ಪುನುಗಪ್ಪ.

ಪುನುಗಪ್ಪ ಎಂದರೆ ಪುನುಗಿನ ಬೆಕ್ಕು. ಅದರ ಮೈಯಿಂದ ಒಸರುವ ಪುನುಗನ್ನು ಮನುಷ್ಯರು ದೇವರ ವಿಗ್ರಹಕ್ಕೆ ಹಚ್ಚುತ್ತಾರೆ, ಅಷ್ಟು ಪರಿಮಳ. ಅವನು ನಡೆದು ಬಂದರೆ ವಾಸನೆ ಮೊದಲು ಬರುತ್ತಿತ್ತು, ಆಮೇಲೆ ಮೀಸೆ, ಕೊನೆಗೆ ಪುನುಗಪ್ಪ.

"ಏನ್ರಪ್ಪಾ ಇದು!" ಎಂದು ಅವನು ಬಯಲನ್ನು ನೋಡಿ ಕೆನ್ನೆ ಬಡಿದುಕೊಂಡ. "ಇಂಥಾ ಆಟಗಾರರು, ಇಂಥಾ ಬಯಲು, ಆದ್ರೂ ಕಪ್ ಇಲ್ವಾ? ನನ್ನ ಕರುಳು ಕಿತ್ತು ಬರುತ್ತೆ. ಕ್ಲಬ್ ನನ್ನ ಕೈಗೆ ಕೊಡಿ. ಬರೋ ವರ್ಷ ಕಪ್ಪಿನಲ್ಲೇ ನೀರು ಕುಡೀರಿ."

ಮೊಲಗಳಿಬ್ಬರೂ ಕಿವಿ ನೆಟ್ಟಗೆ ಮಾಡಿದರು. ಆಮೆಜ್ಜಿ ಮಾತ್ರ ಕೇಳಿದಳು, "ಅಲ್ಲಪ್ಪಾ, ನೀನು ಕ್ಲಬ್ಬಿಗೆ ಏನು ತರ್ತೀಯ? ಒಂದು ಬಾಯಿ ಹುರುಳಿನಾದ್ರೂ ತಂದಿದ್ದೀಯಾ?"

"ಅಜ್ಜೀ, ನಾನು ಹುರುಳಿ ತರೋನಲ್ಲ. ನಾನು ಭವಿಷ್ಯ ತರೋನು," ಎಂದ ಪುನುಗಪ್ಪ.

ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂಗುಸಿ ಆಮೆಜ್ಜಿಯ ಕಡೆ ತಿರುಗಿ, "ಅಜ್ಜೀ, ನಿಂಗೆ ವಯಸ್ಸಾಯ್ತು, ಸುಮ್ನಿರು" ಎಂದ. ಚಪ್ಪಾಳೆ ತಟ್ಟಿದವರಲ್ಲಿ ಉಡ ಕೂಡ ಇದ್ದ. ಅವನಿಗೂ ಕಪ್ಪಿನ ಆಸೆ ಇತ್ತು. ಇದನ್ನು ಮುಚ್ಚಿಟ್ಟು ಅವನನ್ನು ಒಳ್ಳೆಯವನನ್ನಾಗಿ ಮಾಡುವುದು ನನಗೆ ಇಷ್ಟವಿಲ್ಲ.

ಕಾಡಿನ ಕ್ಲಬ್ಬುಗಳನ್ನೆಲ್ಲ ನೋಡಿಕೊಳ್ಳುವುದಕ್ಕೆ ಒಂದು ಮಹಾಮಂಡಳಿ ಇತ್ತು. ಅದರ ಅಧ್ಯಕ್ಷ ಆನೆ. ಸದಸ್ಯ ಕರಡಿ, ಅವನೇ ಕರಡಿಗುಡ್ಡ ತಂಡದ ಮಾಲೀಕನೂ ಹೌದು. ಆಟಗಾರನೇ ರೆಫರಿಯಾದರೆ ಒಳ್ಳೆಯದೇ ಅಲ್ಲವೇ, ಸೀಟಿಗಾಗಿ ಜಗಳವಿರುವುದಿಲ್ಲ! ಕಾರ್ಯದರ್ಶಿ ಗೂಬೆ. ಮಂಡಳಿಯ ಸಭೆಗಳೆಲ್ಲ ನಡೆಯುತ್ತಿದ್ದುದು ಹಗಲು ಹೊತ್ತಿನಲ್ಲಿ. ಆದ್ದರಿಂದ ಗೂಬೆ ನಿದ್ದೆ ಮಾಡುತ್ತಲೇ ಸಭೆ ನಡೆಸುತ್ತಿದ್ದ, ನಡುನಡುವೆ ಎಚ್ಚರಾದಾಗ "ನಿಯಮದ ಪ್ರಕಾರ" ಎನ್ನುತ್ತಿದ್ದ.

ಯಾರಾದರೂ ಕ್ಲಬ್ಬಿನ ಮಾಲೀಕರಾಗಬೇಕಾದರೆ ಮಂಡಳಿ ಅವರಿಗೆ ಯೋಗ್ಯತಾ ಪರೀಕ್ಷೆ ಮಾಡಬೇಕು. ಪುನುಗಪ್ಪನಿಗೂ ಪರೀಕ್ಷೆ ಆಯಿತು. ಬಹಳ ಕಠಿಣ ಪರೀಕ್ಷೆ, ಕೇಳಿ.

"ನೀವು ಯೋಗ್ಯರೇ?" ಎಂದು ಕೇಳಿತು ಆನೆ.

"ಹೌದು," ಎಂದ ಪುನುಗಪ್ಪ.

"ಭೇಷ್! ಎಷ್ಟು ನೇರವಾದ ಉತ್ತರ!" ಎಂದ ಕರಡಿ.

"ನಿಯಮದ ಪ್ರಕಾರ," ಎಂದ ಗೂಬೆ, ಮತ್ತೆ ಕಣ್ಣು ಮುಚ್ಚಿದ.

ಹೀಗೆ ಪುನುಗಪ್ಪ ಬಿದಿರುಕಟ್ಟೆಯ ಮಾಲೀಕನಾದ. ಬಂದವನು ಮೊದಲು ಮಾಡಿದ ಕೆಲಸ, ಹಗೇವಿನ ಬಾಯಿಯ ಕಲ್ಲಿನ ಮೇಲೆ ತಾನೇ ಹೋಗಿ ಕುಳಿತದ್ದು. "ಎಲ್ಲರ ಮುಂದೆ ಹಗೇವು ತೆಗೆಯೋದು ಹಳ್ಳಿಗಮಾರ ಪದ್ಧತಿ. ದೊಡ್ಡ ಕ್ಲಬ್ಬುಗಳಲ್ಲಿ ಮಾಲೀಕರು ಒಬ್ಬರೇ ತೆಗೀತಾರೆ. ದೃಷ್ಟಿ ಆಗಬಾರದು ನೋಡಿ," ಎಂದ. ದೊಡ್ಡ ಕ್ಲಬ್ಬು ಎಂದ ಕೂಡಲೇ ಎಲ್ಲರೂ ಎದೆ ಉಬ್ಬಿಸಿ ಒಪ್ಪಿಕೊಂಡರು.

ಎರಡನೆಯ ಕೆಲಸ, ಕುದುರೆ ತಂದದ್ದು.

ತುರಂಗರಾಯ ಎಂಬ ಆ ಬಿಳಿ ಕುದುರೆ ಹಿಂದೆ ಯಾವುದೋ ಪಟ್ಟಣದಲ್ಲಿ ರೇಸಿಗೆ ಓಡಿದ್ದನಂತೆ. ಈಗ ಮಂಡಿನೋವು. ಆದರೂ ಕತ್ತು ಕೊಂಕಿಸಿ ನಿಂತರೆ ನೋಡಲು ಎರಡು ಕಣ್ಣು ಸಾಲದು. ಅವನು ಬಂದ ದಿನ ಬಯಲಿನ ಸುತ್ತ ನಿಲ್ಲಲು ಜಾಗವಿರಲಿಲ್ಲ. ಗುಡ್ಡದ ಕೋತಿಗಳೂ ಬಾಯಿ ಮುಚ್ಚಿಕೊಂಡವು. ತುರಂಗರಾಯ ಬಯಲಿನ ನಡುವೆ ನಿಂತು ಒಮ್ಮೆ ಕೆನೆದ, ಜೂಲು ಕೊಡವಿದ, ಮತ್ತೆ ಹೊರಗೆ ಬಂದು ಹುರುಳಿ ಕೇಳಿದ.

ಕುದುರೆಯ ಹೊಟ್ಟೆ ನಿಮಗೆ ಗೊತ್ತಿಲ್ಲ, ಮಕ್ಕಳೇ. ಮೊಲಗಳು, ಮುಂಗುಸಿ, ಮುಳ್ಳುಹಂದಿ, ಉಡ ಎಲ್ಲ ಸೇರಿ ಒಂದು ತಿಂಗಳು ತಿನ್ನುವುದನ್ನು ಅವನು ಬೆಳಗಿನ ತಿಂಡಿಗೆ ಮುಗಿಸುತ್ತಿದ್ದ. ಅವನು ತಿಂದು ಉಳಿಸಿದ್ದನ್ನು ಪುನುಗಪ್ಪ ಮಾಲೀಕನ ಪಾಲು ಎಂದು ತಿನ್ನುತ್ತಿದ್ದ. ಆಮೇಲೆ ಮಾಲೀಕನ ಅತಿಥಿಗಳ ಪಾಲು ಎಂದೂ ತಾನೇ ತಿನ್ನುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು?

ತಂಡ ಒಂದೆರಡು ಆಟ ಗೆದ್ದಿತು. ಗೆಲ್ಲಿಸಿದ್ದು ಮೊಲಗಳ ಕಾಲು, ಹೆಸರು ಬಂದದ್ದು ಕುದುರೆಗೆ. ಆಮೇಲೆ ಆಟಗಾರರ ಪಾಲು ಕಡಿಮೆಯಾಗುತ್ತ ಬಂತು. ಕೇಳಿದರೆ ಪುನುಗಪ್ಪ ನಗುತ್ತ, "ನಾಳೆ" ಎನ್ನುತ್ತಿದ್ದ. ಮರುದಿನ ಕೇಳಿದರೂ ನಾಳೆಯೇ.

ವರ್ಷಕ್ಕೊಮ್ಮೆ ಮಹಾಮಂಡಳಿ ಬಂದು ಹಗೇವುಗಳನ್ನು ಪರಿಶೀಲಿಸಬೇಕು. ಇದಕ್ಕೆ ಮೂಸುವ ದಿನ ಎಂದು ಹೆಸರು. ಹಿಂದಿನ ಕಾಲದಿಂದ ಬಂದ ಪದ್ಧತಿ: ಆನೆ ಹಗೇವಿನ ಬಾಯಿಗೆ ಸೊಂಡಿಲು ತಂದು ಒಮ್ಮೆ ಮೂಸುತ್ತದೆ. ಒಳ್ಳೆಯ ವಾಸನೆ ಬಂದರೆ ಕ್ಲಬ್ಬು ಗಟ್ಟಿ ಎಂದರ್ಥ. ಸೊಂಡಿಲನ್ನು ಒಳಗೆ ಇಳಿಸುವಂತಿಲ್ಲ. ಒಳಗೆ ಧೂಳಿರುತ್ತದೆ, ಅಧ್ಯಕ್ಷರ ಮೂಗಿಗೆ ಒಗ್ಗುವುದಿಲ್ಲ.

ಮೂಸುವ ದಿನದ ಬೆಳಿಗ್ಗೆ ಪುನುಗಪ್ಪ ಹಗೇವಿನ ಬಾಯಿಗೆ ಮೈ ಉಜ್ಜಿದ. ಮುಂದಿನಿಂದ ಉಜ್ಜಿದ, ಹಿಂದಿನಿಂದ ಉಜ್ಜಿದ, ಕಲ್ಲಿಗೂ ಉಜ್ಜಿದ. ಆನೆ ಬಂದು ಸೊಂಡಿಲು ಚಾಚಿ ಮೂಸಿತು. ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ಆಹಾ! ಇಷ್ಟು ಶ್ರೀಮಂತ ಹಗೇವನ್ನ ನಾನು ನೋಡೇ ಇಲ್ಲ!"

ನಿಜವೇ. ಅದು ನೋಡಿರಲಿಲ್ಲ, ಮೂಸಿತ್ತು ಅಷ್ಟೆ.

"ಅಧ್ಯಕ್ಷರೇ, ಒಳಗೆ ಒಂದು ಸಲ ಇಣುಕಿ. ನಮಗೆ ವಾರದಿಂದ ಊಟ ಇಲ್ಲ," ಎಂದ ಉಡ.

ಆನೆಗೆ ಮುಜುಗರವಾಯಿತು. "ನೋಡಪ್ಪಾ, ಕ್ಲಬ್ಬಿನ ಒಳಗಿನ ವಿಷಯದಲ್ಲಿ ಮಂಡಳಿ ಮೂಗು ತೂರಿಸೋ ಹಾಗಿಲ್ಲ."

ಅಷ್ಟುದ್ದ ಮೂಗನ್ನು ಮುಖದ ಮುಂದೆ ನೇತುಹಾಕಿಕೊಂಡು ಆನೆ ಈ ಮಾತು ಹೇಳಿತು. ಆಮೇಲೆ ಪುನುಗಪ್ಪನ ಕೊರಳಿಗೆ ವರ್ಷದ ಉತ್ತಮ ಮಾಲೀಕ ಎಂದು ಹೂವಿನ ಹಾರ ಹಾಕಿ ಹೊರಟುಹೋಯಿತು. ಹೋಗುವಾಗ ಕರಡಿ ಪುನುಗಪ್ಪನ ಕಿವಿಯಲ್ಲಿ ಏನೋ ಕೇಳಿದ. ಪುನುಗಪ್ಪ ತಲೆಯಾಡಿಸಿದ.

ಆ ವಾರವೇ ಬಯಲಿಗೆ ಹೆಗ್ಗಣ ಸಾಹುಕಾರ ಬಂದ. ಹಿಂದೆ ಅವನ ಬಳಗ, ಉಗುರು ಮಸೆಯುತ್ತ. ಬಂದವರೇ ಮಾತಿಲ್ಲ ಕತೆಯಿಲ್ಲ, ಗೋಲಿನ ಪಕ್ಕದಲ್ಲಿ ಬಿಲ ತೋಡಲು ಶುರು ಮಾಡಿದರು.

"ಏಯ್, ಏಯ್! ಏನ್ ಮಾಡ್ತಿದ್ದೀರಿ? ಇದು ಆಟದ ಬಯಲು!" ಎಂದು ಉಡ ಓಡಿಬಂದ.

"ಆಗಿತ್ತು," ಎಂದ ಹೆಗ್ಗಣ ಸಾಹುಕಾರ. "ಕುದುರೆಗೆ ಹುರುಳಿ ಸಾಲದು ಅಂತ ನಿಮ್ಮ ಮಾಲೀಕರು ನನ್ನ ಹತ್ರ ಸಾಲ ತಗೊಂಡ್ರು. ಈ ಬಯಲನ್ನ ಅಡ ಇಟ್ಟಿದ್ದಾರೆ. ಅಮಾವಾಸ್ಯೆಯೊಳಗೆ ತೀರಿಸದಿದ್ರೆ ಬಯಲು ನಂದು. ತೀರಿಸೋ ಲಕ್ಷಣ ಕಾಣ್ಲಿಲ್ಲ, ಅದಕ್ಕೆ ಮೊದಲೇ ಸ್ವಲ್ಪ ಕೆಲಸ ಶುರು ಮಾಡಿದ್ವಿ."

ಉಡ ಹಗೇವಿನ ಕಡೆ ಓಡಿದ. ಕಲ್ಲಿನ ಮೇಲೆ ಪುನುಗಪ್ಪ ಇರಲಿಲ್ಲ. ಕಲ್ಲು ಸರಿಸಿ ಒಳಗಿಳಿದ. ತಳದಲ್ಲಿ ಒಂದು ಹಿಡಿ ಹೊಟ್ಟು, ಒಂದು ಬಾಡಿದ ಹೂವಿನ ಹಾರ. ಘಮಘಮ ಪರಿಮಳ ಮಾತ್ರ ಇನ್ನೂ ಹಾಗೇ ಇತ್ತು.

ಪುನುಗಪ್ಪ ಕಂಬಿ ಕಿತ್ತಿದ್ದ.

ಅಂದು ಬಿದಿರುಕಟ್ಟೆಯವರೆಲ್ಲ ಬಯಲಿಗೆ ಬಂದು ಕುಳಿತರು. ಹಸಿವು ಒಂದು ಕಡೆ ಇರಲಿ, ಹೊಟ್ಟೆಗೆ ಹೇಗೋ ಆಗುತ್ತದೆ. ಬಯಲು ಹೋದರೆ? ಬಯಲಿಲ್ಲದ ಬಿದಿರುಕಟ್ಟೆ ಬರೀ ನೀರು ಕುಡಿಯುವ ಜಾಗ. ಬಂದವರು ಕುಡಿದು ಹೋಗುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮೊಲಗಳ ಮರಿಗಳು, ಮುಂಗುಸಿಯ ಮರಿಗಳು ಒಟ್ಟಿಗೆ ಕೂತು ಕೂಗುತ್ತಿದ್ದುದು ಆ ಬಯಲಿನಲ್ಲಿ ಮಾತ್ರ. ಮುಂಗುಸಿ ಆಮೆಜ್ಜಿಯ ಪಕ್ಕ ಬಂದು ಕುಳಿತು, "ಅಜ್ಜೀ, ಅವತ್ತು ನಿಂಗೆ ಸುಮ್ನಿರು ಅಂದೆ" ಎಂದ.

"ಅಂದೆ," ಎಂದಳು ಆಮೆಜ್ಜಿ. "ಈಗ ನಾನು ಸುಮ್ನಿರಲ್ಲ."

ಈಗ ಮಹಾಮಂಡಳಿ ಎಚ್ಚೆತ್ತಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದರಲ್ಲಿ ಅದನ್ನು ಮೀರಿಸಿದವರಿಲ್ಲ. ತುರ್ತುಸಭೆ ಕರೆದರು. ಸಭೆ ಕರಡಿಗುಡ್ಡದಲ್ಲಿ, ಯಾಕೆಂದರೆ ಅಲ್ಲಿ ಜೇನುತುಪ್ಪದ ಊಟವಿತ್ತು. ಊಟ ಎರಡು ದಿನ ನಡೆಯಿತು, ಸಭೆ ಕೈ ತೊಳೆಯುವಷ್ಟು ಹೊತ್ತಿನಲ್ಲಿ ಮುಗಿಯಿತು.

ಬಿದಿರುಕಟ್ಟೆಯವರು ಗುಡ್ಡ ಹತ್ತಿ ಬಂದಿದ್ದರು. ಮೊಲಗಳಿಗೆ ಏದುಸಿರು, ಊಟವಿಲ್ಲದ ಮೈ. ಆಮೆಜ್ಜಿಯನ್ನು ಮುಳ್ಳುಹಂದಿ ಬೆನ್ನ ಮೇಲೆ ಹೊತ್ತು ತಂದಿದ್ದ. ಅವಳ ಚಿಪ್ಪು ಗಟ್ಟಿ, ಮುಳ್ಳು ಚುಚ್ಚಲಿಲ್ಲ.

ಆನೆ ಗಂಟಲು ಸರಿ ಮಾಡಿಕೊಂಡಿತು. "ಬಿದಿರುಕಟ್ಟೆ ಕ್ಲಬ್ಬಿನ ಹಗೇವು ಖಾಲಿಯಾಗಿದೆ. ಇದು ಆಟಕ್ಕೇ ಕಳಂಕ. ಮಂಡಳಿ ಇದನ್ನ ಸಹಿಸಲ್ಲ. ಆದ್ದರಿಂದ ಬಿದಿರುಕಟ್ಟೆ ತಂಡದ ಹನ್ನೆರಡು ಅಂಕ ಕಡಿತ. ಅಮಾವಾಸ್ಯೆಯೊಳಗೆ ಹಗೇವು ತುಂಬದಿದ್ರೆ ಕ್ಲಬ್ಬಿನ ಹೆಸರು ರದ್ದು. ರದ್ದಾದ ಕ್ಲಬ್ಬಿಗೆ ಬಯಲು ಯಾಕೆ? ಅದು ಸಾಲ ಕೊಟ್ಟವರಿಗೆ."

ಹೆಗ್ಗಣ ಸಾಹುಕಾರ ಮೀಸೆ ತೀಡಿದ.

"ಸ್ವಾಮೀ," ಎಂದ ಮೊಲದ ಅಣ್ಣ. "ಹುರುಳಿ ತಿಂದಿದ್ದು ಪುನುಗಪ್ಪ. ಹಸಿದಿದ್ದು ನಾವು. ಅಂಕ ಕಡಿತ ನಮಗಾ?"

"ಮತ್ತೆ ಪುನುಗಪ್ಪನಿಗೆ ಏನು ಶಿಕ್ಷೆ?" ಎಂದ ತಮ್ಮ.

ಗೂಬೆ ಒಂದು ಕಣ್ಣು ತೆರೆದ. "ನಿಯಮದ ಪ್ರಕಾರ, ಅಂಕ ಇದ್ದವರಿಂದ ಮಾತ್ರ ಅಂಕ ಕಡಿತ ಸಾಧ್ಯ. ಪುನುಗಪ್ಪನವರ ಹತ್ರ ಅಂಕವೇ ಇಲ್ಲ."

"ಪಾಪ, ಅವರೂ ನಷ್ಟದಲ್ಲಿದ್ದಾರೆ," ಎಂದ ಕರಡಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಜ್ವರ ಬಂದದ್ದೂ ಎಮ್ಮೆಗೆ, ಬರೆಯೂ ಎಮ್ಮೆಗೆ, ಗಂಜಿ ಕುಡಿದದ್ದು ಮಾತ್ರ ಬೇರೆಯವರು.

ಅಷ್ಟರಲ್ಲಿ ಗಾಳಿ ಬೀಸಿತು. ಉಡ ನಾಲಗೆ ಚಾಚಿ ಗಾಳಿಯನ್ನು ನೆಕ್ಕಿದ. ಉಡ ವಾಸನೆ ನೋಡುವುದು ನಾಲಗೆಯಿಂದ. ಮತ್ತೆ ನೆಕ್ಕಿದ. ಆ ವಾಸನೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ವಾಸನೆ ಬರುತ್ತಿದ್ದುದು ಕರಡಿಗುಡ್ಡದ ಹಗೇವಿನ ಕಡೆಯಿಂದ.

"ಅಧ್ಯಕ್ಷರೇ, ಈ ಹಗೇವಿನ ಬಾಯಿಗೂ ಪುನುಗು ಬಳಿದಿದ್ದಾರೆ. ಇದನ್ನ ತೆಗೆಸಿ," ಎಂದ.

ಕರಡಿಯ ಮುಖ ಹುಳಿಯಾಯಿತು. "ಅದು ಪುನುಗಲ್ಲ, ಸಮೃದ್ಧಿಯ ವಾಸನೆ! ಅಧ್ಯಕ್ಷರೇ ಮೂಸಿ ಒಪ್ಪಿದ ಹಗೇವು ಇದು. ಇವನು ಅಧ್ಯಕ್ಷರ ಮೂಗಿಗೇ ಅವಮಾನ ಮಾಡ್ತಿದ್ದಾನೆ!"

"ಹೌದು, ನನ್ನ ಮೂಗಿಗೆ ಅವಮಾನ," ಎಂದಿತು ಆನೆ, ಸೊಂಡಿಲು ಎತ್ತಿ. "ಸಭೆ ಮುಗೀತು. ಎಲ್ಲರೂ ಹೊರಡಿ."

ಆನೆ ಸೊಂಡಿಲನ್ನು ಕೆಳಗಿಳಿಸಿದ್ದೇ ತಡ, ಉಡ ಹಾರಿ ಅದರ ತುದಿಯನ್ನು ಹಿಡಿದ. ಉಡದ ಪಟ್ಟು ಎಂದರೆ ಕೇಳಿದ್ದೀರಲ್ಲ? ಹಿಂದಿನ ಕಾಲದಲ್ಲಿ ಅದರ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತುತ್ತಿದ್ದರು ಎಂದು ಹೇಳುತ್ತಾರೆ. ಆನೆ ಸೊಂಡಿಲನ್ನು ಮೇಲೆ ಎತ್ತಿತು, ಉಡ ಕೂಡ ಮೇಲೆ ಹೋದ. ಎಡಕ್ಕೆ ಬೀಸಿತು, ಉಡವೂ ಎಡಕ್ಕೆ. ಗೂಬೆ ಪೂರ್ತಿ ಎಚ್ಚರಗೊಂಡು, "ನಿಯಮದ ಪ್ರಕಾರ ಅಧ್ಯಕ್ಷರಿಗೆ ಜೋತು ಬೀಳೋ ಹಾಗಿಲ್ಲ!" ಎಂದು ಕಿರುಚಿದ.

"ಬಿಡೋ! ನೋಯುತ್ತೆ ಕಣೋ!" ಎಂದು ಆನೆ ಘೀಳಿಟ್ಟಿತು.

"ಹಗೇವಿನ ತಳ ಮುಟ್ಟೋವರೆಗೂ ಬಿಡಲ್ಲ," ಎಂದ ಉಡ, ಹಲ್ಲು ಕಚ್ಚಿಕೊಂಡೇ.

ಆಮೆಜ್ಜಿ ಮುಳ್ಳುಹಂದಿಯ ಬೆನ್ನಿನಿಂದ ಕೆಳಗಿಳಿದು ಆನೆಯ ಎದುರು ನಿಂತಳು. "ಏನಪ್ಪಾ, ದೇವರು ನಿಂಗೆ ಅಷ್ಟುದ್ದ ಮೂಗು ಕೊಟ್ಟಿದ್ದು ಬಾಗಿಲಲ್ಲಿ ನಿಂತು ಮೂಸೋಕಾ? ತಳ ಮುಟ್ಟಲಿ ಅಂತ ತಾನೇ ಕೊಟ್ಟಿದ್ದು? ಇಳಿಸು ಒಳಗೆ!"

ಸುತ್ತಲಿದ್ದ ಪ್ರಾಣಿಗಳೆಲ್ಲ "ಇಳಿಸು! ಇಳಿಸು!" ಎಂದು ಕೂಗತೊಡಗಿದವು. ಗುಡ್ಡದ ಕೋತಿಗಳಂತೂ ಎಲ್ಲರಿಗಿಂತ ಜೋರಾಗಿ. ಯಾಕೆ ಗೊತ್ತೇ? ಅವುಗಳ ಆಟಗಾರರಿಗೂ ಕೆಲವು ದಿನಗಳಿಂದ ಊಟದ ಬದಲು "ನಾಳೆ" ಸಿಗುತ್ತಿತ್ತು.

ನೋವು ತಡೆಯಲಾರದೆ ಆನೆ ಉಡದ ಸಮೇತ ಸೊಂಡಿಲನ್ನು ಹಗೇವಿನೊಳಗೆ ಇಳಿಸಿತು. ಬಾಯಿ ದಾಟಿತು, ಕತ್ತು ದಾಟಿತು. ಹುರುಳಿ ಎಲ್ಲೂ ಸಿಗಲಿಲ್ಲ. ತಳದಲ್ಲಿ ಏನೋ ಮೆತ್ತಗೆ, ಬೆಚ್ಚಗೆ, ಕೂದಲು ಕೂದಲಾಗಿ ಸಿಕ್ಕಿತು. ಉಡ ಸೊಂಡಿಲನ್ನು ಬಿಟ್ಟು ಅದನ್ನು ಹಿಡಿದ. ಆನೆ ಎರಡನ್ನೂ ಸುತ್ತಿ ಹೊರಗೆಳೆಯಿತು.

ಬಂದದ್ದು ಪುನುಗಪ್ಪ! ಹೊಟ್ಟೆ ಗುಡಾಣವಾಗಿತ್ತು. ಬಾಯಲ್ಲಿ ಇನ್ನೂ ಹುರುಳಿ. ನಿದ್ದೆಗಣ್ಣಿನಲ್ಲೇ ಅವನು ಸುತ್ತ ನೋಡಿ, "ನಮಸ್ಕಾರ. ನಾನು ಈ ಕ್ಲಬ್ಬಿನ ಹೊಸ ಮಾಲೀಕ," ಎಂದ.

"ಹೊಸ ಮಾಲೀಕನಾ?" ಎಂದಿತು ಆನೆ. "ಯಾವಾಗ?"

"ಹೋದ ವಾರ. ಕರಡಿಯವರೂ ನಾನೂ ಪಾಲುದಾರರು. ನೀವೇ ಒಪ್ಪಿದ್ರಲ್ಲ ಅಧ್ಯಕ್ಷರೇ? ಯೋಗ್ಯರೇ ಅಂತ ಕೇಳಿದ್ರಿ. ಹೌದು ಅಂದೆ. ಈ ಸಲ ಅನುಭವವೂ ಇದೆ ಅಂತ ನೀವೇ ಹೊಗಳಿದ್ರಿ."

ಆನೆಯ ಕಿವಿಗಳು ಬೀಸುವುದನ್ನು ನಿಲ್ಲಿಸಿದವು.

ನಗಬೇಡಿ ಮಕ್ಕಳೇ, ನಗುವುದು ಇನ್ನೂ ಇದೆ. ಗೂಬೆ ಈಗ ಪೂರ್ತಿ ಎಚ್ಚರವಾಗಿದ್ದನಲ್ಲ, ಉತ್ಸಾಹ ಬಂದಿತ್ತು. "ನಿಯಮದ ಪ್ರಕಾರ ಕರಡಿಗುಡ್ಡಕ್ಕೂ ಹನ್ನೆರಡು ಅಂಕ ಕಡಿತ!" ಎಂದ. ಜನ ಬಿಡಲಿಲ್ಲ, ಉಳಿದ ಕ್ಲಬ್ಬುಗಳ ಹಗೇವುಗಳನ್ನೂ ತೆಗೆಸಿದರು. ಒಂದೊಂದರ ಬಾಯಲ್ಲೂ ಘಮಘಮ, ಒಂದೊಂದರ ಹೊಟ್ಟೆಯಲ್ಲೂ ಹೊಟ್ಟು. ಮಾಲೀಕರೆಲ್ಲ ಪುನುಗಪ್ಪನಿಂದ ಪುನುಗು ಕೊಂಡಿದ್ದರು. ಗೂಬೆ ಪ್ರತಿ ಸಲವೂ ಹನ್ನೆರಡು, ಹನ್ನೆರಡು ಎಂದು ಕೂಗುತ್ತಲೇ ಹೋದ. ಕೊನೆಗೆ ಅಂಕಪಟ್ಟಿ ನೋಡಿದರೆ ತಂಡಗಳೆಲ್ಲ ಸೊನ್ನೆಗಿಂತ ಕೆಳಗೆ.

ಸೊನ್ನೆಯಲ್ಲಿ ಉಳಿದದ್ದು ಕಾಡೆಮ್ಮೆಗಳ ತಂಡ ಒಂದೇ. ಅವು ಹೆಸರು ಕೊಟ್ಟಿದ್ದವು, ಆಡಲು ಮಾತ್ರ ಒಂದು ದಿನವೂ ಬಂದಿರಲಿಲ್ಲ. ವರ್ಷವಿಡೀ ಮಡುವಿನಲ್ಲಿ ಮಲಗಿದ್ದವು. ಹಗೇವೂ ಇಲ್ಲ, ಮಾಲೀಕನೂ ಇಲ್ಲ.

"ನಿಯಮದ ಪ್ರಕಾರ," ಎಂದ ಗೂಬೆ, ದನಿ ಸಣ್ಣಗಾಯಿತು, "ಈ ವರ್ಷದ ಕಪ್ ಕಾಡೆಮ್ಮೆಗಳಿಗೆ."

ಸುದ್ದಿ ಮುಟ್ಟಿಸಿದಾಗ ಕಾಡೆಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿ ಕೇಳಿತಂತೆ, "ಕಪ್ಪಾ? ಯಾವ ಆಟದ್ದು?"

ಕಾಡಿಗೆ ಕಾಡೇ ನಕ್ಕಿತು. ಆನೆಯನ್ನು ಕಂಡು ಇರುವೆಗಳೂ ನಕ್ಕವು. ದೊಡ್ಡವರಿಗೆ ಬೈಗುಳ ತಾಗುವುದಿಲ್ಲ, ದೂರು ತಾಗುವುದಿಲ್ಲ, ಹಸಿದವರ ಕಣ್ಣೀರಂತೂ ತಾಗುವುದೇ ಇಲ್ಲ. ನಗು ತಾಗುತ್ತದೆ. ಆನೆ ತಲೆ ತಗ್ಗಿಸಿ ಆಮೆಜ್ಜಿಯ ಮುಂದೆ ಬಂದು ನಿಂತಿತು.

"ಈಗ ಏನು ಮಾಡ್ಬೇಕು ಹೇಳಜ್ಜೀ," ಎಂದಿತು.

"ಅದನ್ನೂ ನಾನೇ ಹೇಳ್ಬೇಕಾ?" ಎಂದು ಆಮೆಜ್ಜಿ ಸಿಡುಕಿದಳು. "ಆಡಿದವರ ಅಂಕ ಆಡಿದವರಿಗೆ ವಾಪಸ್ಸು ಕೊಡು. ತಿಂದವನ ಹತ್ರ ಕಕ್ಕಿಸು. ಕರಡಿ ಮಂಡಳಿಯಿಂದ ಇಳೀಲಿ. ಒಂದೋ ಕ್ಲಬ್ಬು ನಡೆಸಲಿ, ಇಲ್ಲ ಕ್ಲಬ್ಬುಗಳನ್ನ ಕಾಯಲಿ. ಹಗೇವಿನ ಕಲ್ಲು ಎಲ್ಲರ ಮುಂದೆ ಸರೀಬೇಕು. ಮತ್ತೆ ನೀನು, ಹುಣ್ಣಿಮೆ ಹುಣ್ಣಿಮೆಗೂ ಬಂದು ತಳದವರೆಗೆ ಸೊಂಡಿಲು ಇಳಿಸ್ಬೇಕು. ಖಾಲಿಯಾದ ಮೇಲೆ ಬಂದು ಕೂಗಾಡೋಕೆ ನೀನೇ ಯಾಕೆ ಬೇಕು? ಕೋತಿಗಳೇ ಸಾಕು."

"ನನ್ನ ಸಾಲ?" ಎಂದು ಹೆಗ್ಗಣ ಸಾಹುಕಾರ ಮುಂದೆ ಬಂದ. "ಬಯಲು ನಂಗೆ ಅಡ ಇದೆ!"

ಆಮೆಜ್ಜಿ ಅವನ ಕಡೆ ಕತ್ತು ತಿರುಗಿಸಿದಳು. ಅವಳ ಕತ್ತು ಅಷ್ಟು ಉದ್ದವಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

"ಊರವರ ಬಯಲನ್ನ ಅಡ ಇಡೋಕೆ ಪುನುಗಪ್ಪ ಯಾರು? ಅವನು ಈ ಆನೆಯನ್ನ ಅಡ ಇಟ್ಟಿದ್ರೆ ಆನೆ ಮೈಯಲ್ಲೂ ಬಿಲ ತೋಡ್ತಿದ್ದೆಯಾ?"

ಹೆಗ್ಗಣ ಸಾಹುಕಾರ ಆನೆಯ ಕಾಲನ್ನೊಮ್ಮೆ ನೋಡಿದ. ಆನೆಯೂ ಅವನನ್ನು ನೋಡಿತು. "ಸಾಲ ಕೊಟ್ಟಿದ್ದು ಪುನುಗಪ್ಪನಿಗೆ. ವಸೂಲೂ ಅವನ ಹತ್ರಾನೇ ಮಾಡ್ಕೋ," ಎಂದಿತು. ಇದು ಆ ವರ್ಷ ಮಹಾಮಂಡಳಿಯ ಬಾಯಿಂದ ಬಂದ ಮೊದಲ ಬುದ್ಧಿವಂತ ಮಾತು.

ಹೀಗೆ ಪುನುಗಪ್ಪನಿಗೂ ಕರಡಿಗೂ ಕಾಡೆಲ್ಲ ತಿರುಗಿ ಕಾಳು ಆರಿಸುವ ಕೆಲಸ ಬಿತ್ತು. ಮೊದಲು ಆಟಗಾರರ ಪಾಲು ತುಂಬಬೇಕು, ಆಮೇಲೆ ಸಾಹುಕಾರನದು. ಆರಿಸಿದ್ದನ್ನು ಹೊರುವುದಕ್ಕೆ ತುರಂಗರಾಯನನ್ನು ಹಚ್ಚಿದರು. ಕ್ಲಬ್ಬಿಗೆ ಬಂದ ಮೇಲೆ ಅವನು ಬೆವರಿದ್ದು ಆವತ್ತೇ ಮೊದಲು. ಮಂಡಿನೋವು ಕೂಡ ಸ್ವಲ್ಪ ಕಡಿಮೆಯಾಯಿತಂತೆ.

ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ನಾನೂ ಪುನುಗಪ್ಪನ ಜಾತಿಗೆ ಸೇರಿಬಿಡುತ್ತೇನೆ. ಹುರುಳಿಯಲ್ಲಿ ಅರ್ಧ ಇವತ್ತಿಗೂ ಬಂದಿಲ್ಲ. ಹೆಗ್ಗಣಗಳು ತೋಡಿದ ಬಿಲಗಳನ್ನು ಮುಚ್ಚಿ ಎಂದರೆ, "ತೋಡೋದು ನಮ್ಮ ಕುಲಕಸುಬು, ಮುಚ್ಚೋದು ಗೊತ್ತಿಲ್ಲ" ಎಂದುಬಿಟ್ಟವು. ಪುನುಗಪ್ಪನ ಕಣ್ಣು ಆಗಲೇ ಪಕ್ಕದ ಕಾಡಿನ ಕ್ಲಬ್ಬೊಂದರ ಮೇಲಿದೆ ಎಂದು ಹಕ್ಕಿಗಳು ಹೇಳುತ್ತವೆ. ಅಲ್ಲಿಯೂ ಒಂದು ಮಂಡಳಿ ಇದೆಯಂತೆ, ಅಲ್ಲಿಯೂ ಅಧ್ಯಕ್ಷರಿಗೆ ಸುವಾಸನೆ ಎಂದರೆ ಬಹಳ ಇಷ್ಟವಂತೆ.

ಅಂಕ ವಾಪಸ್ಸಾದ ಮೇಲೆ ಆ ವರ್ಷದ ಕೊನೆಯ ಆಟ ಬಿದಿರುಕಟ್ಟೆಯ ಬಯಲಿನಲ್ಲೇ ನಡೆಯಿತು, ಕರಡಿಗುಡ್ಡದ ತಂಡದ ಎದುರು. ಬಿಲಗಳ ನಡುವೆ ಆಟ. ಮೊಲದ ತಮ್ಮ ಗೋಲಿನ ಎದುರು ಒಬ್ಬನೇ ಚೆಂಡು ತಂದಾಗ ಚೆಂಡು ಬಿಲದೊಳಗೆ ಬಿತ್ತು, ಅದರ ಹಿಂದೆ ಅವನೂ ಬಿದ್ದ. ಬಿದಿರುಕಟ್ಟೆ ಚೆನ್ನಾಗಿಯೇ ಸೋತಿತು. ಕೋತಿಗಳು ಕುಣಿದವು. ಆಮೆಜ್ಜಿ ರೆಫರಿಯ ಏಳು ತಲೆಮಾರನ್ನು ಬೈದಳು.

ಆಟ ಮುಗಿದ ಮೇಲೆ ಯಾರೂ ಮನೆಗೆ ಹೋಗಲಿಲ್ಲ. ಉಡ ಎಲ್ಲರ ಮುಂದೆ ಹಗೇವಿನ ಕಲ್ಲು ಸರಿಸಿದ. ಒಬ್ಬೊಬ್ಬರಿಗೆ ಒಂದೊಂದು ಹಿಡಿಯಷ್ಟೇ ಬಂತು. ಮೊಲಗಳ ಮರಿಗಳೂ ಮುಂಗುಸಿಯ ಮರಿಗಳೂ ಬಯಲಿನಲ್ಲಿ ಚೆಂಡು ಒದೆಯುತ್ತ, ಬಿಲಕ್ಕೆ ಬೀಳುತ್ತ, ಎದ್ದು ಮತ್ತೆ ಓಡುತ್ತ ಇದ್ದವು.

"ಸೋತ್ವಲ್ಲ ಅಜ್ಜೀ," ಎಂದ ಮುಂಗುಸಿ.

"ಸೋಲಲಿ ಬಿಡೋ," ಎಂದಳು ಆಮೆಜ್ಜಿ. "ಸೋಲೋಕೆ ಒಂದು ಬಯಲು ಉಳೀತಲ್ಲ."

ನೀತಿ: ಕಣಜ ಬರಿದಾದ ಮೇಲೆ ಹಸಿದವರನ್ನು ದಂಡಿಸುವುದು ಕಾವಲಲ್ಲ, ಬರಿದಾಗುವ ಮೊದಲೇ ತಳ ಮುಟ್ಟಿ ನೋಡಿ, ತಿಂದವನ ಕೈ ಹಿಡಿಯುವುದೇ ಕಾವಲು.